ಟೂ-ಸ್ಟ್ರೋಕ್ ಗಾಡಿಗೆ 2ಟಿ ಆಯಿಲ್: ಆರಿಸುವುದು, ಅಳೆಯುವುದು, ಘಾಟಿ ಇಳಿಸುವುದು

ಮಳೆ ಬಿಟ್ಟು ರೋಡು ಒಣಗಿದ ಕೂಡಲೇ ನನ್ನ ಶೆಡ್ಡಿಗೆ ಹಳೇ ಟೂ-ಸ್ಟ್ರೋಕ್ ಗಾಡಿಗಳು ಬರಲು ಶುರುವಾಗುತ್ತವೆ. ಕಾಯಿಲೆ ಹೆಚ್ಚಾಗಿ ಒಂದೇ: ಪಿಸ್ಟನ್ ಸೀಜ್, ಅಂದರೆ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿ ನಿಲ್ಲುವುದು. 2ಟಿ, ಅಂದರೆ ಪೆಟ್ರೋಲ್ ಜೊತೆ ಸುಡುವ ಆಯಿಲ್, ಹಾಕಿರಲಿಲ್ಲ ಅಂತಲ್ಲ. ಎಲ್ಲರೂ ಹಾಕಿರುತ್ತಾರೆ. ಒಬ್ಬರು ಕಣ್ಣಳತೆಯಲ್ಲಿ ಸುರಿದಿರುತ್ತಾರೆ, ಒಬ್ಬರು ಗೇರ್‌ಬಾಕ್ಸಿನ ಆಯಿಲನ್ನು ಪೆಟ್ರೋಲ್‌ಗೆ ಹಾಕಿರುತ್ತಾರೆ, ಇನ್ನೊಬ್ಬರು ಇಲ್ಲದ ಆಯಿಲ್ ಪಂಪನ್ನು ನಂಬಿ ಕೂತಿರುತ್ತಾರೆ. ಅದಕ್ಕೇ ಕೆಳಗಿನ ಕೆಲಸವನ್ನು ಬರೆದ ಕ್ರಮದಲ್ಲೇ ಮಾಡಿ. ಮೂರನೇ ಹಂತ ಬಿಟ್ಟು ನಾಲ್ಕಕ್ಕೆ ಹಾರಿದರೆ ಮತ್ತೆ ಶೆಡ್ಡಿಗೇ ಬರುತ್ತೀರಿ.

## ಮೊದಲು ಇವಿಷ್ಟು ಜೋಡಿಸಿಟ್ಟುಕೊಳ್ಳಿ

ಮೆಡಿಕಲ್ ಶಾಪಿನಲ್ಲಿ ಸಿಗುವ 50 ಮಿಲಿಯ ಸಿರಿಂಜ್ ಒಂದು, ಸೂಜಿ ಬೇಡ. ಇದನ್ನು ಆಯಿಲ್ ಅಳೆಯಲು ಮಾತ್ರ ಬಳಸಿ. ಪೆಟ್ರೋಲ್ ತಾಗಿದರೆ ಒಳಗಿನ ರಬ್ಬರ್ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾಲರಿ ಇರುವ ಆಲಿಕೆ, ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಕ್ಯಾನ್, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ತಂತಿ ಬ್ರಷ್, ಒಣ ಬಟ್ಟೆ, ಒಂದು ಮಾರ್ಕರ್ ಪೆನ್. ಪಂಪ್ ಇರುವ ಗಾಡಿಗೆ ಸಣ್ಣ ಸ್ಕ್ರೂಡ್ರೈವರ್ ಮತ್ತು ಟಾರ್ಚ್ ಕೂಡ.

ಮಾರ್ಕರ್ ಪೆನ್ ಯಾಕೆ ಅಂದರೆ, ತೋಟದ ಮನೆಯ ಶೆಡ್ಡಿನಲ್ಲಿ ಒಂದೇ ಥರದ ಮೂರು ಕ್ಯಾನ್ ಇರುತ್ತವೆ. ಒಂದರಲ್ಲಿ ಬರೀ ಪೆಟ್ರೋಲ್, ಒಂದರಲ್ಲಿ ಕಳೆ ಕೊಚ್ಚುವ ಮೆಷಿನ್ನಿನ ಮಿಕ್ಸ್ (ಆಯಿಲ್ ಬೆರೆಸಿದ ಪೆಟ್ರೋಲ್), ಒಂದರಲ್ಲಿ ಹೋದ ವರ್ಷದ್ದು ಏನೋ. ಕ್ಯಾನಿನ ಮೇಲೆ ಅಳತೆ ಮತ್ತು ತಾರೀಕು ಬರೆಯಿರಿ. ಬರೆಯದ ಕ್ಯಾನಿನಿಂದ ಗಾಡಿಗೆ ಹಾಕಬೇಡಿ.

## ಹಂತ 1: ನಿಮ್ಮದು ಪಂಪ್ ಗಾಡಿಯಾ, ಮಿಕ್ಸ್ ಗಾಡಿಯಾ?

ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನು, ಕ್ರ್ಯಾಂಕ್ ಬೇರಿಂಗು ಎರಡಕ್ಕೂ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆ ಒಳಗೆ ಹೋಗುವ 2ಟಿಯಿಂದ ಮಾತ್ರ. ಅದು ಒಮ್ಮೆ ಹೋಗಿ ಕೆಲಸ ಮಾಡಿ ಸುಟ್ಟು ಸೈಲೆನ್ಸರ್‌ನಲ್ಲಿ ಹೊರಗೆ ಬರುತ್ತದೆ. ಫೋರ್-ಸ್ಟ್ರೋಕ್ ಹಾಗೆ ಕೆಳಗೆ ನಿಂತ ಎಣ್ಣೆ ಮತ್ತೆ ಮತ್ತೆ ಸುತ್ತುವುದಿಲ್ಲ.

ಈ ಎಣ್ಣೆ ಎರಡು ದಾರಿಯಲ್ಲಿ ಹೋಗುತ್ತದೆ. ಯಮಾಹಾ ಆರ್‌ಎಕ್ಸ್ 100ರಂಥ ಗಾಡಿಗೆ 2ಟಿಗೇ ಬೇರೆ ಟ್ಯಾಂಕ್, ಅದರ ಕೆಳಗೆ ಪಂಪ್. ಟ್ಯಾಂಕಿಗೆ ಬರೀ ಪೆಟ್ರೋಲ್ ಹಾಕಿದರೆ ಸಾಕು. ಹಳೇ ಜಾವಾ, ಯೆಜ್ಡಿ, ಚೇತಕ್‌ನಂಥ ಹೆಚ್ಚಿನ ಗಾಡಿಗಳಿಗೆ ಪೆಟ್ರೋಲ್‌ನಲ್ಲೇ ಬೆರೆಸಬೇಕು.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಜಾಸ್ತಿ ಮೋಸ ಹೋಗುವುದು ಇಲ್ಲೇ. ಗಾಡಿ ಪಂಪಿನದು, ಆದರೆ ಹಿಂದಿನವರು ಯಾವಾಗಲೋ ಪಂಪ್ ಬಂದ್ ಮಾಡಿಸಿ ಮಿಕ್ಸ್ ಹಾಕಿ ಓಡಿಸಿರುತ್ತಾರೆ. ಮಾರುವಾಗ ಹೇಳಲು ಮರೆತಿರುತ್ತಾರೆ. ನೀವು ಆಯಿಲ್ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಹಾಕಿ, ಖುಷಿಯಾಗಿ ಹೊರಡುತ್ತೀರಿ. ಗೋಣಿಕೊಪ್ಪದಲ್ಲಿ ಹೊರಟವರು ವಿರಾಜಪೇಟೆ ತಲುಪುವುದೂ ಡೌಟು.

ಪರೀಕ್ಷೆ ಸುಲಭ. ಪಂಪಿನ ಕವರ್ ಬಿಚ್ಚಿ ಆಕ್ಸಿಲರೇಟರ್ ತಿರುಗಿಸಿ. ಪಂಪಿನ ಪುಲ್ಲಿಯೂ ಜೊತೆಗೆ ತಿರುಗಬೇಕು. ಕೇಬಲ್ಲೇ ಇಲ್ಲದಿದ್ದರೆ, ಅಥವಾ ಪಂಪಿನಿಂದ ಹೋಗುವ ತೆಳು ಪೈಪಿನ ಬಾಯಿಗೆ ಸ್ಕ್ರೂ ತುರುಕಿದ್ದರೆ, ನಿಮ್ಮದು ಈಗ ಮಿಕ್ಸ್ ಗಾಡಿ. ಎಲ್ಲ ಸರಿ ಕಂಡರೂ ನಂಬಬೇಡಿ. ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಮೊದಲ 100 ಕಿ.ಮೀ. ಪೆಟ್ರೋಲ್‌ಗೂ 2ಟಿ ಬೆರೆಸಿಯೇ ಓಡಿಸಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ. ಗುರುತಿನಿಂದ ಮಟ್ಟ ಇಳಿದಿದ್ದರೆ ಮಾತ್ರ ಪಂಪ್ ಜೀವಂತ ಇದೆ ಎಂದು ಅರ್ಥ.

## ಹಂತ 2: ಆಯಿಲ್ ಆರಿಸುವುದು

ಡಬ್ಬಿಯ ಮುಂದಿನ ಬೈಕಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. 'ಜಾಸೊ' ಎಂಬ ಜಪಾನಿ ಗುಣಮಟ್ಟದ ಗುರುತು ಇರುತ್ತದೆ, ಅದರ ಜೊತೆ ಎರಡಕ್ಷರ: ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ. ಎಫ್‌ಬಿ ಹಳೇ ಮಟ್ಟದ್ದು. ಎಫ್‌ಸಿ ಕಡಿಮೆ ಹೊಗೆಯದು. ಎಫ್‌ಡಿ ಅದರ ಮೇಲೆ ಇಂಜಿನ್ ಒಳಗೆ ಕಾರ್ಬನ್ ಕಟ್ಟದಂತೆ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತದೆ. ನಮ್ಮಲ್ಲಿ ತೋಟದೊಳಗೆ ಫಸ್ಟು ಸೆಕೆಂಡ್ ಗೇರಿನಲ್ಲಿ ತೆವಳುವುದೇ ಜಾಸ್ತಿ. ಹಾಗೆ ಓಡುವ ಇಂಜಿನ್ನಿಗೆ ಕಾರ್ಬನ್ ಬೇಗ ಕಟ್ಟುತ್ತದೆ. ಎಫ್‌ಡಿ ಸಿಕ್ಕರೆ ಅದೇ ತಗೊಳ್ಳಿ, ಇಲ್ಲದಿದ್ದರೆ ಎಫ್‌ಸಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಸೆಮಿ ಸಿಂಥೆಟಿಕ್ ಧಾರಾಳ ಸಾಕು. ಫುಲ್ ಸಿಂಥೆಟಿಕ್‌ಗೆ ದುಪ್ಪಟ್ಟು ಕೊಟ್ಟು ಅಳತೆ ತಪ್ಪಿಸುವುದಕ್ಕಿಂತ ಸಾಧಾರಣ ಎಫ್‌ಸಿ ಹಾಕಿ ಸರಿಯಾಗಿ ಅಳೆಯುವುದು ಮೇಲು.

ಬೇಡದ್ದು ಯಾವುದು ಅಂತ ಹೇಳಿಬಿಡುತ್ತೇನೆ.

20ಡಬ್ಲ್ಯು40ನಂಥ ಫೋರ್-ಸ್ಟ್ರೋಕ್ ಆಯಿಲನ್ನು ಪೆಟ್ರೋಲ್‌ಗೆ ಬೆರೆಸಬೇಡಿ. ಅದು ಸುಡಲು ಮಾಡಿದ್ದಲ್ಲ, ಬೂದಿ ಬಿಡುತ್ತದೆ. ಆ ಬೂದಿ ಪ್ಲಗ್ಗಿನ ಮೇಲೆ, ಪಿಸ್ಟನ್ ತಲೆಯ ಮೇಲೆ ಕೂರುತ್ತದೆ.

ಟಿಸಿ-ಡಬ್ಲ್ಯು3 ಎಂದು ಬರೆದದ್ದು ದೋಣಿಯ ಇಂಜಿನ್ನಿಗೆ. ಅವು ನೀರಿನಿಂದ ತಣ್ಣಗಾಗುವ ಇಂಜಿನ್ನು. ಗಾಳಿಯಿಂದಷ್ಟೇ ತಣ್ಣಗಾಗುವ ಬೈಕಿನ ಬಿಸಿಗೆ ಅದು ಹೇಳಿದ್ದಲ್ಲ. ಮಂಗಳೂರು, ಕಣ್ಣೂರು ಕಡೆಯಿಂದ ಯಾರಾದರೂ 'ಒಳ್ಳೇ ಆಯಿಲ್' ಎಂದು ತಂದುಕೊಟ್ಟರೆ ಡಬ್ಬಿ ಓದಿಯೇ ಹಾಕಿ.

ರೇಸಿಗೆ ಬಳಸುವ ಹರಳೆಣ್ಣೆ ಆಧಾರದ ಆಯಿಲ್ ದಿನದ ಓಡಾಟಕ್ಕೆ ಬೇಡ. ವಾಸನೆ ಚಂದ. ಆದರೆ ಅಂಟು ಕಟ್ಟಿ ಪಿಸ್ಟನ್ ರಿಂಗ್ ಹಿಡಿಸುತ್ತದೆ, ಮಾಮೂಲಿ ಆಯಿಲ್ ಜೊತೆ ಸರಿಯಾಗಿ ಬೆರೆಯುವುದೂ ಇಲ್ಲ.

ಲೂಸ್ ಆಯಿಲ್ ಬಗ್ಗೆ ಒಂದೇ ಮಾತು: ಬೇಡ.

## ಹಂತ 3: ಲೆಕ್ಕ

ಬಂಕಿಗೆ ಹೋಗಿ "ಇನ್ನೂರು ರೂಪಾಯಿಗೆ ಹಾಕಿ" ಅನ್ನುತ್ತೀರಿ, ಅಂದಾಜಿನಲ್ಲಿ ಒಂದಿಷ್ಟು ಆಯಿಲ್ ಸುರಿಯುತ್ತೀರಿ. ತಪ್ಪು ಇಲ್ಲೇ ಹುಟ್ಟುವುದು. ಆಯಿಲ್ ಲೆಕ್ಕ ಲೀಟರ್ ಮೇಲೆ, ರೂಪಾಯಿ ಮೇಲಲ್ಲ. ಇನ್ನು ಮೇಲೆ ಪೆಟ್ರೋಲನ್ನು ಲೀಟರಿನಲ್ಲೇ ಕೇಳಿ. "ಮೂರು ಲೀಟರ್ ಹಾಕಿ ಅಣ್ಣ" ಅಂದರೆ ಮುಗಿಯಿತು.

1:40 ಅಂದರೆ ಒಂದು ಪಾಲು ಆಯಿಲ್‌ಗೆ 40 ಪಾಲು ಪೆಟ್ರೋಲ್. ಒಂದು ಲೀಟರ್ ಅಂದರೆ 1000 ಮಿಲಿ, ಅದನ್ನು 40ರಿಂದ ಭಾಗಿಸಿದರೆ 25 ಮಿಲಿ. ಹೀಗೆಯೇ ಲೀಟರಿಗೆ:

1:25 ಆದರೆ 40 ಮಿಲಿ
1:33 ಆದರೆ 30 ಮಿಲಿ
1:40 ಆದರೆ 25 ಮಿಲಿ
1:50 ಆದರೆ 20 ಮಿಲಿ

ನಿಮ್ಮ ಗಾಡಿಗೆ ಎಷ್ಟು ಎಂದು ಅದರ ಪುಸ್ತಕ ಹೇಳುತ್ತದೆ. ಚೇತಕ್ ಮಾದರಿಯ ಸ್ಕೂಟರ್‌ಗಳಿಗೆ 1:50, ಅಂದರೆ ಲೀಟರಿಗೆ 20 ಮಿಲಿ. ಹಳೇ 250 ಸಿಸಿ ಮಿಕ್ಸ್ ಬೈಕುಗಳ ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿ ಹೇಳಿರುತ್ತದೆ. ಆ ಕಾಲದ ಆಯಿಲ್ ಬೇರೆ, ಅದಕ್ಕೆ ಹಾಗೆ. ನನ್ನ ಗಾಡಿಗೆ ಎಫ್‌ಡಿ ಆಯಿಲ್ ಲೀಟರಿಗೆ 30 ಮಿಲಿ ಹಾಕುತ್ತೇನೆ. ಹೊಸದಾಗಿ ಬೋರ್ ಹಾಕಿಸಿದ್ದರೆ (ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಕೂರಿಸಿದ್ದರೆ) ಮೊದಲ 500 ಕಿ.ಮೀ. 40 ಮಿಲಿ.

"ಸ್ವಲ್ಪ ಜಾಸ್ತಿನೇ ಹಾಕಿ ಅಣ್ಣ, ಇಂಜಿನ್ನಿಗೆ ಒಳ್ಳೇದು" ಎಂಬ ಮಾತು ಎಲ್ಲ ಕಡೆ ಕೇಳಿಸುತ್ತದೆ. ಪೂರ್ತಿ ನಿಜ ಅಲ್ಲ. ಇಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ನಳಿಕೆ, ಅಂದರೆ ಕಾರ್ಬುರೇಟರ್ ಜೆಟ್ಟಿನ ತೂತು ಅಷ್ಟೇ ದೊಡ್ಡದು. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಯಿತು ಅಲ್ವಾ? ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಬಿಸಿ ಏರುತ್ತದೆ. ಜೊತೆಗೆ ಪ್ಲಗ್ ಒದ್ದೆ, ಸೈಲೆನ್ಸರ್ ತುಂಬ ಕಾರ್ಬನ್. ಐದು ಮಿಲಿ ಹೆಚ್ಚಾದರೆ ಗಾಡಿ ಸಾಯುವುದಿಲ್ಲ. ಆದರೆ ಡಬಲ್ ಸುರಿಯುವುದು ಜಾಣತನ ಅಲ್ಲ.

## ಹಂತ 4: ಬೆರೆಸುವ ಕ್ರಮ

ಕ್ಯಾನಿನಲ್ಲಾದರೆ: ಮೊದಲು ಅರ್ಧ ಪೆಟ್ರೋಲ್, ಆಮೇಲೆ ಅಳೆದ ಆಯಿಲ್ ಪೂರ್ತಿ. ಮುಚ್ಚಳ ಹಾಕಿ ಒಂದು ನಿಮಿಷ ಚೆನ್ನಾಗಿ ಕುಲುಕಿ. ಉಳಿದ ಪೆಟ್ರೋಲ್ ಹಾಕಿ ಇನ್ನೊಮ್ಮೆ ಕುಲುಕಿ. ಗಾಡಿಗೆ ಸುರಿಯುವ ಮುಂಚೆ ಮತ್ತೊಮ್ಮೆ.

ಬಂಕಿನಲ್ಲಾದರೆ ಕ್ರಮ ಹೀಗೆ. ಇಂಜಿನ್ ಆಫ್. ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಬಂದ್. ಮೊದಲು ಆಯಿಲ್, ಆಮೇಲೆ ಪೆಟ್ರೋಲ್. ಮೇಲಿಂದ ರಭಸದಿಂದ ಬೀಳುವ ಪೆಟ್ರೋಲ್ ಅರ್ಧ ಕೆಲಸ ಮಾಡಿಕೊಡುತ್ತದೆ. ಮುಚ್ಚಳ ಹಾಕಿ, ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಿ, ಹ್ಯಾಂಡಲ್ ಹಿಡಿದು ಹತ್ತು ಹದಿನೈದು ಸಲ ಅಲ್ಲಾಡಿಸಿ. ನೋಡುವವರು ನಗಲಿ. ಆಮೇಲೆ ಕಾಕ್ ತೆರೆಯಿರಿ.

ಕಾಕ್ ಬಂದ್ ಮಾಡದಿದ್ದರೆ ಏನಾಗುತ್ತದೆ? ಆಯಿಲ್ ಪೆಟ್ರೋಲ್‌ಗಿಂತ ಭಾರ. ಬೆರೆಯುವ ಮುಂಚೆ ತಳಕ್ಕಿಳಿದು ನೇರ ಕಾರ್ಬುರೇಟರ್‌ಗೆ ಹೋಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆಯಲ್ಲಿ ಆಯಿಲ್ ಗಟ್ಟಿಯಾಗಿ ಇನ್ನೂ ನಿಧಾನವಾಗಿ ಕರಗುತ್ತದೆ. ಮೊದಲ ಒಂದೆರಡು ಕಿ.ಮೀ. ಬರೀ ಹೊಗೆ, ಪ್ಲಗ್ ಒದ್ದೆ, ಗಾಡಿ ಕೆಮ್ಮುತ್ತದೆ. ಆಮೇಲೆ ಉಳಿದ ಪೆಟ್ರೋಲ್‌ನಲ್ಲಿ ಆಯಿಲ್ಲೇ ಕಡಿಮೆ. ಹೊಗೆ ನಿಂತಿತು ಎಂದು ನೀವು ಖುಷಿಪಡುವ ಹೊತ್ತಿಗೆ ಪಿಸ್ಟನ್ ಒಣಗುತ್ತಿರುತ್ತದೆ.

## ಹಂತ 5: ಪಂಪ್ ಗಾಡಿಯವರಿಗೆ

ಪಂಪ್ ಚೆನ್ನಾಗಿದ್ದರೆ ಅದನ್ನು ಬಂದ್ ಮಾಡಿಸಬೇಡಿ. ಬಂದ್ ಮಾಡಿಸಿ ಎಂದು ಹೇಳುವ ಮೆಕ್ಯಾನಿಕ್‌ಗಳು ಬಹಳ ಇದ್ದಾರೆ. ಘಾಟಿಯಲ್ಲಿ ಓಡುವವರಿಗೆ ಪಂಪೇ ಒಳ್ಳೆಯದು, ಯಾಕೆ ಎಂದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಕೇಬಲ್ ಹೊಂದಿಕೆ ನೋಡಿ. ಆಕ್ಸಿಲರೇಟರ್ ಕೇಬಲ್ಲಿನ ಸಡಿಲ ಹೋಗುವಷ್ಟು ಮಾತ್ರ ತಿರುಗಿಸಿ ಹಿಡಿದರೆ ಪಂಪಿನ ಪುಲ್ಲಿಯ ಮೇಲಿನ ಗುರುತು ಎದುರಿನ ಪಿನ್ನಿಗೆ ನೇರ ಬರಬೇಕು. ಕೆಲವು ಮಾದರಿಗೆ ಗುರುತು ನೋಡುವ ಜಾಗ ಬೇರೆ ಇರುತ್ತದೆ, ಪುಸ್ತಕ ನೋಡಿ. ಆಕ್ಸಿಲರೇಟರ್ ಕೇಬಲ್ ಬದಲಿಸಿದ ಪ್ರತಿ ಸಲವೂ ಇದನ್ನು ಮತ್ತೆ ನೋಡಬೇಕು. ಬಹಳ ಜನ ನೋಡುವುದಿಲ್ಲ.

ಆಯಿಲ್ ಟ್ಯಾಂಕ್ ಒಮ್ಮೆ ಖಾಲಿಯಾದರೆ, ಅಥವಾ ಪೈಪ್ ಬಿಚ್ಚಿದರೆ, ಗಾಳಿ ಸೇರುತ್ತದೆ. ಗಾಳಿ ಸೇರಿದ ಪಂಪ್ ತಿರುಗುತ್ತದೆ, ಎಣ್ಣೆ ಕೊಡುವುದಿಲ್ಲ. ಟ್ಯಾಂಕ್ ತುಂಬಿಸಿ, ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ, ಗುಳ್ಳೆ ಇಲ್ಲದ ಎಣ್ಣೆ ಬರುವವರೆಗೆ ಬಿಡಿ. ಸ್ಕ್ರೂ ಹಾಕಿ. ಪಂಪಿನಿಂದ ಮುಂದಕ್ಕೆ ಹೋಗುವ ತೆಳು ಪೈಪಿನಲ್ಲೂ ಗಾಳಿ ಇರುತ್ತದೆ. ಅದು ಹೋಗಲು ಇಂಜಿನ್ನನ್ನು ಐಡಲ್‌ನಲ್ಲಿ ಓಡಿಸಿ, ಪಂಪಿನ ಕೇಬಲ್ ಮಾತ್ರ ಕೈಯಿಂದ ಪೂರ್ತಿ ಎಳೆದು ಹಿಡಿಯಿರಿ. ಈ ಹೊತ್ತಿನಲ್ಲಿ ಟ್ಯಾಂಕಿನ ಪೆಟ್ರೋಲ್‌ಗೆ ಲೀಟರಿಗೆ 25 ಮಿಲಿ 2ಟಿ ಬೆರೆಸಿರಲೇಬೇಕು. ಇಲ್ಲದಿದ್ದರೆ ಸೀಜ್ ತಪ್ಪಿಸಲು ಹೋಗಿ ಸೀಜ್ ಮಾಡಿದಂತೆ.

ಎಷ್ಟು ಕಿ.ಮೀ.ಗೆ ಎಷ್ಟು ಆಯಿಲ್ ಹೋಯಿತು ಎಂದು ಬರೆದಿಡಿ. ಲೆಕ್ಕ ಹಠಾತ್ತಾಗಿ ಕಡಿಮೆಯಾದರೆ ಖುಷಿಪಡಬೇಡಿ, ಪಂಪ್ ಬಿಚ್ಚಿ ನೋಡಿ.

## ಹಂತ 6: ಗೇರ್ ಆಯಿಲ್ ಬೇರೆ

ಗೇರ್‌ಬಾಕ್ಸಿಗೆ 2ಟಿ ಹಾಕಬಾರದು. ಅಲ್ಲಿ ಪುಸ್ತಕ ಹೇಳಿದ ದಪ್ಪದ ಬೇರೆ ಆಯಿಲ್. ಬೈಕಿನ ಕ್ಲಚ್ ಪ್ಲೇಟ್ ಎಣ್ಣೆಯಲ್ಲೇ ಮುಳುಗಿರುವುದರಿಂದ ಡಬ್ಬಿಯ ಮೇಲೆ 'ಜಾಸೊ ಎಂಎ' ಇರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಬಿಚ್ಚಿದಾಗ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅಂದರೆ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರೆ ಇಡುವ ರಬ್ಬರ್ ಬಳೆ, ಹೋಗಿದೆ. ಅದೇ ಸೀಲ್ ಹೋದಾಗ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸುಡುವುದೂ ಉಂಟು. ಆಗ ಹೊಗೆ ಜಾಸ್ತಿ, ಗೇರ್‌ಬಾಕ್ಸ್ ಖಾಲಿ. ಜನ 2ಟಿ ಕಡಿಮೆ ಮಾಡುತ್ತಾರೆ. ಹೊಗೆ ಹೋಗುವುದಿಲ್ಲ, ಪಿಸ್ಟನ್ ಹೋಗುತ್ತದೆ.

## ಹಂತ 7: ಘಾಟಿ ಇಳಿಯುವಾಗ

ಇಷ್ಟೆಲ್ಲ ಸರಿ ಮಾಡಿದವರೂ ಕೊಡಗಿನಲ್ಲಿ ಎಡವುವುದು ಇಲ್ಲಿ. ಏರುವಾಗ ಇಂಜಿನ್ ಬಿಸಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಹುಷಾರು. ಇಳಿಯುವಾಗ ಯಾರೂ ಯೋಚಿಸುವುದಿಲ್ಲ.

ಮಿಕ್ಸ್ ಗಾಡಿಯಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ನಿಂತಂತೆ, ಆಯಿಲ್ಲೂ ನಿಂತಂತೆ. ಆದರೆ ಗೇರಿನಲ್ಲಿರುವ ಗಾಡಿಯನ್ನು ಇಳಿಜಾರು ತಳ್ಳುತ್ತಿದೆ, ಪಿಸ್ಟನ್ ಜೋರಾಗಿ ಓಡುತ್ತಲೇ ಇದೆ. ಒಣ ಪಿಸ್ಟನ್, ಬಿಸಿ ಸಿಲಿಂಡರ್. ಪಂಪ್ ಇದ್ದರೆ ಪರವಾಗಿಲ್ಲ. ಅದು ಇಂಜಿನ್ ತಿರುಗುವ ವೇಗಕ್ಕೂ ಎಣ್ಣೆ ಕೊಡುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಸ್ವಲ್ಪವಾದರೂ ಬರುತ್ತದೆ.

ನನಗೆ ಇದು ಗೊತ್ತಾಗಿದ್ದು ಮಡಿಕೇರಿಯಿಂದ ಸಂಪಾಜೆ ಇಳಿಯುವಾಗ. ಬ್ರೇಕ್ ಉಳಿಸೋಣ ಎಂದು ಸೆಕೆಂಡ್ ಗೇರಿನಲ್ಲೇ, ಕೈ ಪೂರ್ತಿ ಬಿಟ್ಟು ಇಳಿದೆ. ಜೋಡುಪಾಲ ದಾಟಿದ ಮೇಲೆ ಸಣ್ಣ ಸಮತಟ್ಟಿನಲ್ಲಿ ಆಕ್ಸಿಲರೇಟರ್ ಕೊಟ್ಟೆ. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಗಾಡಿ ಒಮ್ಮೆ ಬಿಗಿಯಾಯಿತು. ಕ್ಲಚ್ ಹಿಡಿಯುವ ಮುಂಚೆ ಹಿಂದಿನ ಚಕ್ರ ಕಿರ್ರ್ ಎಂದು ನಿಂತೇ ಹೋಯಿತು. ರೋಡು ಒಣಗಿತ್ತು, ಬಚಾವಾದೆ. ಬಿಚ್ಚಿದಾಗ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ತುಂಬ ಉದ್ದುದ್ದ ಗೀರು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಬೋರ್ ಹಾಕಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಬೇಕಾಯಿತು.

ಹೀಗೆ ಇಳಿಯಿರಿ. ತೀರಾ ಕೆಳಗಿನ ಗೇರ್ ಬೇಡ, ಇಂಜಿನ್ ಕಿರುಚಬಾರದು. ಪ್ರತಿ ನೂರು ಮೀಟರಿಗೆ, ನೇರ ಇರುವ ಕಡೆ, ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಮ್ಮೆ ವ್ರೂಂ ಎಂದು ತಿರುಗಿಸಿ ಬಿಡಿ. ಅಷ್ಟರಲ್ಲಿ ಒಂದು ಗುಟುಕು ಎಣ್ಣೆ ಒಳಗೆ ಹೋಯಿತು. ಉಳಿದದ್ದು ಬ್ರೇಕು. ಡ್ರಮ್ ಬ್ರೇಕ್ ಬಿಸಿಯಾಗಿ ಹಿಡಿತ ಕಡಿಮೆಯಾದರೆ ನಿಲ್ಲಿಸಿ, ಚಹಾ ಕುಡಿಯಿರಿ.

ಪೆಟ್ರೋಲ್ ಉಳಿಸಲು ಕೀ ಆಫ್ ಮಾಡಿ ಗೇರಿನಲ್ಲಿ ಇಳಿಸುವವರು ಈಗಲೇ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಮಾಡಿ ಉರುಳಿಸಿದರೆ ಪಿಸ್ಟನ್ನಿಗೆ ತೊಂದರೆ ಇಲ್ಲ, ಆದರೆ ಮಾಕುಟ್ಟ ಘಾಟಿಯಲ್ಲಿ ಎದುರಿಂದ ಲಾರಿ ಬಂದರೆ ನಿಮಗೆ ತೊಂದರೆ.

ಇನ್ನೊಂದು ವಿಷಯ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕರಾವಳಿಗಿಂತ ಇಲ್ಲಿ ಗಾಳಿ ಸುಮಾರು ಶೇ 10ರಷ್ಟು ತೆಳು. ಗಾಳಿ ಕಡಿಮೆಯಾದರೆ ಪೆಟ್ರೋಲ್ ಜಾಸ್ತಿಯಾದಂತೆ, ಅದಕ್ಕೇ ಮೇಲೆ ಪ್ಲಗ್ ಕಪ್ಪಾಗುತ್ತದೆ. ಅದನ್ನು ನೋಡಿ ಸಣ್ಣ ಜೆಟ್ ಹಾಕಿಸಿ, ಅದೇ ಗಾಡಿಯನ್ನು ಸುಳ್ಯ, ಮಂಗಳೂರು ಕಡೆ ಓಡಿಸಿದರೆ ಅಲ್ಲಿ ಪೆಟ್ರೋಲ್ ಸಾಲುವುದಿಲ್ಲ, ಇಂಜಿನ್ ಕಾದು ಹೋಗುತ್ತದೆ. ಎರಡೂ ಕಡೆ ಓಡಾಡುವವರು ಕೆಳಗಿನ ಊರಿಗೆ ಸರಿಯಾದ ಜೆಟ್ಟನ್ನೇ ಇಟ್ಟುಕೊಳ್ಳಿ.

## ಹಂತ 8: ಪ್ಲಗ್ ಬಿಚ್ಚಿ ನೋಡಿ

ಐದಾರು ಕಿ.ಮೀ. ಸಹಜವಾಗಿ ಓಡಿಸಿ, ನಿಲ್ಲಿಸಿ, ಇಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ. ನಡುವಿನ ಬಿಳಿ ಪಿಂಗಾಣಿಯ ಬಣ್ಣ ನೋಡಿ. ಹದವಾಗಿ ಹುರಿದ ಕಾಫಿಬೀಜದ ಕಂದು ಇದ್ದರೆ ಸರಿ. ಸೀದುಹೋದ ಬೀಜದ ಹಾಗೆ ಕಪ್ಪಾಗಿ ಜಿಡ್ಡಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಣ್ಣ ಬಳಿದಂತೆ ಇದ್ದರೆ ಅಪಾಯ. ಗಾಡಿ ಓಡಿಸಬೇಡಿ. ಕಾರ್ಬುರೇಟರ್ ಕಸ, ಬಿರುಕು ಬಿಟ್ಟ ರಬ್ಬರ್ ಜಾಯಿಂಟ್, ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್, ಈ ಮೂರನ್ನು ನೋಡಿ. ಸೀಲ್ ಹೋದರೆ ಇನ್ನೊಂದು ಲಕ್ಷಣ ಉಂಟು: ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯದೆ ಹಾಗೇ ಕೂಗುತ್ತಿರುತ್ತದೆ.

## ಹಂತ 9: ಸೀಜ್ ಆಗುವ ಮುಂಚಿನ ಸೂಚನೆ

ಶಬ್ದ ಬದಲಾಗುತ್ತದೆ. ಟಿಣ್ ಟಿಣ್ ಎಂದು ಲೋಹದ ದನಿ ಬರುತ್ತದೆ. ಬ್ರೇಕ್ ಅಂಟಿದ ಹಾಗೆ ಗಾಡಿ ಭಾರವಾಗುತ್ತದೆ. ಆಕ್ಸಿಲರೇಟರ್ ಕೊಟ್ಟಷ್ಟೂ ವೇಗ ಕಡಿಮೆ. ಇದರಲ್ಲಿ ಒಂದು ಕಂಡರೂ ಮೊದಲು ಕ್ಲಚ್. ಯೋಚನೆ ಆಮೇಲೆ. ಘಾಟಿಯಲ್ಲಿ ಎಡಗೈಯ ಎರಡು ಬೆರಳು ಕ್ಲಚ್ ಮೇಲೇ ಇರಲಿ.

ಬದಿಗೆ ನಿಲ್ಲಿಸಿ. ಕಿಕ್ ಹೊಡೆಯಬೇಡಿ, ನೀರು ಸುರಿಯಬೇಡಿ. ಕಡಿಮೆ ಅಂದರೆ ಅರ್ಧ ಗಂಟೆ ಬಿಡಿ. ಪ್ಲಗ್ ತೂತಿನಲ್ಲಿ ಒಂದು ಚಮಚ 2ಟಿ ಬಿಟ್ಟು, ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ. ಸಲೀಸಾಗಿ ಹೋದರೆ ಹತ್ತಿರದ ಊರಿಗೆ ಮೆಲ್ಲಗೆ ಹೋಗಬಹುದು. ಅಲ್ಲಿಂದ ಮುಂದಕ್ಕೆ ಬೇಡ. ಹೆಡ್ ಬಿಚ್ಚಿಸಿ ನೋಡಿ.

## ಹಂತ 10: ಮಳೆಗಾಲದಲ್ಲಿ ನಿಲ್ಲಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಲ್ಲುವ ಗಾಡಿಗೆ ಇದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದೂ ತಳದಲ್ಲೇ. ಆ ನೀರಿನಲ್ಲಿ 2ಟಿ ಇರುವುದಿಲ್ಲ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಅಥವಾ ಕಂಠದವರೆಗೆ ತುಂಬಿಸಿ. ಅರ್ಧ ಬಿಡಬೇಡಿ. ಕಾಕ್ ಬಂದ್ ಮಾಡಿ ಕಾರ್ಬುರೇಟರ್ ತಳದ ಸ್ಕ್ರೂ ಬಿಚ್ಚಿ ಪೆಟ್ರೋಲ್ ಇಳಿಸಿ. ಬಿಟ್ಟರೆ ಪೆಟ್ರೋಲ್ ಆವಿಯಾಗಿ ಆಯಿಲ್ ಮಾತ್ರ ಅಂಟಾಗಿ ಉಳಿದು ಜೆಟ್ ಮುಚ್ಚುತ್ತದೆ. ಪ್ಲಗ್ ತೂತಿಗೆ 5 ಮಿಲಿ 2ಟಿ ಬಿಟ್ಟು, ಕೀ ಆಫ್ ಇರುವಾಗ ಕಿಕ್ಕರನ್ನು ಕೈಯಿಂದ ಆರೇಳು ಸಲ ಒತ್ತಿ, ಪ್ಲಗ್ ಹಾಕಿ. ಹದಿನೈದು ದಿನಕ್ಕೊಮ್ಮೆ ಹೀಗೇ ಒತ್ತಿ.

ಮಳೆ ಬಿಟ್ಟ ಮೇಲೆ ಮೊದಲ ಕೆಲಸ ಕಿಕ್ ಹೊಡೆಯುವುದಲ್ಲ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ಹಿಡಿದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಬಗ್ಗಿಸಿ, ಒಣಗಿಸಿ, ಹೊಸ ಪೆಟ್ರೋಲ್ ಲೀಟರ್ ಲೆಕ್ಕದಲ್ಲಿ ತಂದು ಮೂರನೇ ಹಂತದಿಂದ ಶುರುಮಾಡಿ.